ಕಾಲ್ನಡಿಗೆಯವರ ಗಡಿ

1947ರ ಆಗಸ್ಟಿಗೆ ಮೊದಲು ರಬಕವಿಯ ನೇಕಾರನೊಬ್ಬ ಸೀರೆಯ ಗಂಟು ಹೊತ್ತು ಜಮಖಂಡಿ, ಮುಧೋಳಗಳ ಮೂಲಕ ಬೀಳಗಿಗೆ ನಡೆದು ಹೋದರೆ ನಾಲ್ಕು ಆಳ್ವಿಕೆಗಳ ನೆಲವನ್ನು ತುಳಿಯಬೇಕಾಗಿತ್ತು: ಸಾಂಗ್ಲಿ ಸಂಸ್ಥಾನ, ಜಮಖಂಡಿಯ ಪಟವರ್ಧನರು, ಮುಧೋಳದ ಘೋರ್ಪಡೆಯವರು, ಕೊನೆಗೆ ಬ್ರಿಟಿಷರ ವಿಜಾಪುರ ಜಿಲ್ಲೆ. 1948ರ ವಿಲೀನದಿಂದ ಆ ಗಡಿಗಳು ಅಳಿದವು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯವನ್ನು ಸೇರಿತು. ಆದರೆ ನಡೆಯುವವರಿಗೆ ಹೊಸದೊಂದು ಗಡಿ ಹುಟ್ಟಿಕೊಂಡಿದೆ. ಅದು ಡಾಂಬರಿನ ಅಂಚು.

ದಾರಿಯ ಯೋಗ್ಯತೆಯನ್ನು ಗಟ್ಟಿ ಕಾಲಿನ ತರುಣನಿಂದ ಅಳೆಯಲಾಗದು. ಕಬ್ಬು ಹೇರಿದ ಟ್ರ್ಯಾಕ್ಟರು ಎದುರಾದರೆ ಅವನು ಗಟಾರವನ್ನು ಜಿಗಿದಾನು. ಕೋಲೂರಿದ ಅಜ್ಜಿ, ಕೂಸನ್ನೆತ್ತಿಕೊಂಡ ತಾಯಿ, ಕಣ್ಣು ಕಾಣದವರು ಏನು ಮಾಡಬೇಕು? ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯು ಪಾದಚಾರಿಗಳಿಗೆ ಅಡೆತಡೆಯಿಲ್ಲದ 1.8 ಮೀಟರ್ ಅಗಲದ ಹಾದಿ ಬೇಕೆಂದಿತ್ತು. ಅಂಥ ಹಾದಿ ಬದುಕುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವೇ 2025ರಲ್ಲಿ ಹೇಳಿತು.

ಬೆಂಗಳೂರಿನಂಥ ಮಹಾನಗರವಾಗಲಿ, ನಮ್ಮ ಸಂತೆಪೇಟೆಯಾಗಲಿ, ಅಳತೆಗೋಲು ಒಂದೇ: ಅಜ್ಜಿ ಯಾರ ಕೈಯನ್ನೂ ಹಿಡಿಯದೆ ಸಂತೆಗೆ ಹೋಗಿ ಮನೆಗೆ ಮರಳಬಲ್ಲಳೆ? ಮುಂದಿನ ಸಂತೆಯ ದಿನ ಅವಳ ಹಿಂದೆ ನಾಲ್ಕು ಹೆಜ್ಜೆ ನಡೆದು ನೋಡಿರಿ.