ಅಂಕಪಟ್ಟಿಯಿಂದ ನೆಲದ ಚಹರೆಗೆ

ಹೊಸ ಬಡಾವಣೆಗೋ ಗಾಳಿಯಂತ್ರಕ್ಕೋ ಅನುಮತಿ ಕೊಡುವ ಮುನ್ನ ಆ ನೆಲದ ಚಹರೆ ಎಂಥದೆಂದು ನೋಡುವುದು ಇಂದು ಬ್ರಿಟನ್ನಿನ ಸ್ಥಳೀಯ ಆಡಳಿತಗಳಲ್ಲಿ ರೂಢಿಯಾಗಿದೆ. ಇದನ್ನು ಭೂದೃಶ್ಯ ಲಕ್ಷಣ ಸಮೀಕ್ಷೆ ಎನ್ನಬಹುದು. ಈ ರೂಢಿ ಬೇರೂರಲು ಅರ್ಧ ಶತಮಾನವೇ ಹಿಡಿಯಿತು.

ಮೊದಲಿಗೆ ಇದ್ದದ್ದು ಆಯ್ದ ಚೆಲುವನ್ನು ಕಾಯುವ ಹಂಬಲ. 1949ರ ಕಾಯ್ದೆಯ ಫಲವಾಗಿ 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 1956ರಲ್ಲಿ ವೇಲ್ಸ್‌ನ ಗವರ್ ಪರ್ಯಾಯದ್ವೀಪಕ್ಕೆ ನಿಸರ್ಗ ಸೌಂದರ್ಯದ ವಿಶೇಷ ಪ್ರದೇಶವೆಂಬ ಮನ್ನಣೆ ಸಿಕ್ಕಿತು. ಇಂಥ ಗಡಿಗಳಾಚೆಯ ಸಾಮಾನ್ಯ ಹೊಲ, ಹಳ್ಳಿಗಳನ್ನು ಯಾವ ಆಧಾರದ ಮೇಲೆ ಕಾಯುವುದು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಯೋಜಕರು ಅಂಕಗಳ ಮೊರೆ ಹೋದರು. ಕೆ. ಡಿ. ಫೈನ್ಸ್ 1968ರಲ್ಲಿ ಪ್ರಕಟಿಸಿದ ಈಸ್ಟ್ ಸಸೆಕ್ಸ್ ಅಧ್ಯಯನದಲ್ಲಿ ನೋಟಗಳ ಸೊಬಗಿಗೆ ಸೊನ್ನೆಯಿಂದ 32ರವರೆಗೆ ಅಂಕ ಕೊಡುವ ಕ್ರಮವಿತ್ತು. 1970ರ ದಶಕದಲ್ಲಿ ಸಂಖ್ಯಾಶಾಸ್ತ್ರವನ್ನು ಬಳಸಿದ ಇನ್ನಷ್ಟು ಜಟಿಲ ವಿಧಾನಗಳು ಬಂದವು. ಆದರೆ ಒಂದು ಕಣಿವೆಗೆ ಎಷ್ಟು ಅಂಕ ಬಂತೆಂದು ತಿಳಿದರೂ ಅಲ್ಲಿ ಮನೆಗಳನ್ನು ಎಲ್ಲಿ, ಹೇಗೆ ಕಟ್ಟಬೇಕೆಂದು ತಿಳಿಯುತ್ತಿರಲಿಲ್ಲ.

1980ರ ದಶಕದಲ್ಲಿ ಪ್ರಶ್ನೆಯೇ ಬದಲಾಯಿತು. ಯಾವ ಜಾಗ ಹೆಚ್ಚು ಚೆಂದ ಎನ್ನುವುದರ ಬದಲು, ಈ ಜಾಗ ಪಕ್ಕದ ಜಾಗಕ್ಕಿಂತ ಹೇಗೆ ಬೇರೆ ಎಂದು ಕೇಳತೊಡಗಿದರು. ಶಿಲೆ, ಮಣ್ಣು, ನೆಲದ ಏರಿಳಿತ, ಹೊಲಗಳ ಆಕಾರ, ಬೇಲಿಯ ಬಗೆ, ಮನೆಗಳು ಒತ್ತಾಗಿವೆಯೋ ಚದುರಿವೆಯೋ ಎಂಬುದನ್ನೆಲ್ಲ ಮೊದಲು ನಕ್ಷೆಗಳಲ್ಲಿ ಗುರುತಿಸಿ, ಬಳಿಕ ಸ್ಥಳಕ್ಕೆ ಹೋಗಿ ತಾಳೆ ನೋಡುವ ಕ್ರಮ ಬೆಳೆಯಿತು. 1994ರಲ್ಲಿ ಕಾರ್ನ್‌ವಾಲ್ ಇದಕ್ಕೆ ಚರಿತ್ರೆಯ ಪದರವನ್ನೂ ಸೇರಿಸಿ, ಇಂದಿನ ಹೊಲಗಳಲ್ಲಿ ಉಳಿದಿರುವ ಮಧ್ಯಯುಗದ ಗುರುತುಗಳನ್ನು ನಕ್ಷೆಗಿಳಿಸಿತು. ಇಡೀ ಇಂಗ್ಲೆಂಡನ್ನು 159 ಪ್ರದೇಶಗಳಾಗಿ ವಿಂಗಡಿಸಿದ ನಕ್ಷೆ 1996ರಲ್ಲಿ ಬಂತು.

ಈ ಕ್ರಮದ ಉಪಯೋಗ ಎರಡು ಪ್ರದೇಶಗಳನ್ನು ಜೊತೆಗಿಟ್ಟರೆ ಸ್ಪಷ್ಟವಾಗುತ್ತದೆ. ಯಾರ್ಕ್‌ಷೈರ್ ಡೇಲ್ಸ್‌ನ ಜೀವಾಳ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಗಳು ಮತ್ತು ಹುಲ್ಲುಗಾವಲಿನ ನಡುವಿನ ಕಲ್ಲಿನ ಕೊಟ್ಟಿಗೆಗಳು. ಜೌಗು ಬಸಿದು ಸಾಗುವಳಿಗೆ ತಂದ ಫೆನ್ಸ್ ಬಯಲಿನ ಜೀವಾಳ ನೇರ ಕಾಲುವೆಗಳು, ಕಪ್ಪು ಮಣ್ಣು, ದಿಗಂತದವರೆಗಿನ ತೆರವು. ಕಟ್ಟಡವನ್ನು ಮರೆಮಾಡಲು ನೆಟ್ಟ ಮರಗಳ ಸಾಲು ಡೇಲ್ಸ್‌ನ ಕಣಿವೆಯಲ್ಲಿ ಹೊಂದಿಕೊಂಡೀತು; ಫೆನ್ಸ್‌ನಲ್ಲಿ ಅದೇ ಸಾಲು ಆ ತೆರವನ್ನು ಕೆಡಿಸುತ್ತದೆ.

ಸಾಮಾನ್ಯ ನೆಲವೂ, ಹಾಳಾದ ನೆಲವೂ ಭೂದೃಶ್ಯವೇ ಎಂದು 2000ದಲ್ಲಿ ಫ್ಲಾರೆನ್ಸ್‌ನಲ್ಲಿ ಸಹಿಗೆ ತೆರೆದಿಟ್ಟ ಯುರೋಪಿನ ಭೂದೃಶ್ಯ ಒಪ್ಪಂದ ಸಾರಿತು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಾಗಿ ಕ್ಯಾರಿಸ್ ಸ್ವಾನ್‌ವಿಕ್ ಸಿದ್ಧಪಡಿಸಿದ 2002ರ ಮಾರ್ಗದರ್ಶಿ, ಲಕ್ಷಣ ಬರೆಯುವ ಕೆಲಸ ಬೇರೆ, ಬೆಲೆ ಕಟ್ಟುವ ಕೆಲಸ ಬೇರೆ ಎಂದು ಗೆರೆ ಎಳೆಯಿತು.

ಆ ಗೆರೆ ನ್ಯಾಯಾಲಯದವರೆಗೂ ಹೋಯಿತು. ಸ್ಟ್ರೌಡ್ ಜಿಲ್ಲಾ ಆಡಳಿತದ 2015ರ ಪ್ರಕರಣದಲ್ಲಿ ಹೈಕೋರ್ಟ್, ಒಂದು ನೆಲ ಮೌಲ್ಯದ ಭೂದೃಶ್ಯವೆನಿಸಲು ಅದಕ್ಕೆ ಸರ್ಕಾರಿ ಬಿರುದು ಬೇಕಿಲ್ಲ, ಆದರೆ ಜನರ ಅಕ್ಕರೆಯೊಂದೇ ಸಾಲದು, ಕಣ್ಣಿಗೆ ಕಾಣುವ ವಿಶೇಷ ಲಕ್ಷಣಗಳನ್ನು ತೋರಿಸಬೇಕು ಎಂಬ ನಿಲುವನ್ನು ಎತ್ತಿಹಿಡಿಯಿತು. ಅಂಥ ಲಕ್ಷಣಗಳನ್ನು ತೋರಿಸಲಾಗದ ಆಡಳಿತ ಸೋತಿತು.

ತಮ್ಮ ನೆಲದ ಬಗ್ಗೆ ಕಾಳಜಿಯುಳ್ಳ ಆಡಳಿತಗಳು ಅರ್ಜಿ ಬಂದ ಮೇಲೆ ಪುರಾವೆ ಹುಡುಕುವಂತಾಗಬಾರದು. ಊರವರನ್ನು ಕೂಡಿಸಿಕೊಂಡು ಮೊದಲೇ ಸಮೀಕ್ಷೆ ಮುಗಿಸಿ, ಕಾಲಕಾಲಕ್ಕೆ ಅದನ್ನು ಪರಿಷ್ಕರಿಸುತ್ತಿರಬೇಕು.