ಡಯಾಲಿಸಿಸ್ ರೋಗಿಗಳಲ್ಲಿ ಕೋವಿಡ್ ಬೂಸ್ಟರ್ ಲಸಿಕೆಯ ಪರಿಣಾಮ

ಮೂತ್ರಪಿಂಡ ವಿಫಲವಾದಾಗ ರಕ್ತದಲ್ಲಿ ಉಳಿಯುವ ಕಲ್ಮಶಗಳು ರೋಗನಿರೋಧಕ ಟಿ ಮತ್ತು ಬಿ ಜೀವಕೋಶಗಳನ್ನು ದುರ್ಬಲಗೊಳಿಸುತ್ತವೆ. ಡಯಾಲಿಸಿಸ್ ಇದನ್ನು ಪೂರ್ತಿ ಸರಿಪಡಿಸದು. ವಯಸ್ಕರಿಗೆ ಸಾಮಾನ್ಯವಾಗಿ 20 ಮೈಕ್ರೋಗ್ರಾಂ ಕೊಡುವ ಹೆಪಟೈಟಿಸ್ ಬಿ ಲಸಿಕೆಯನ್ನು ಡಯಾಲಿಸಿಸ್ ರೋಗಿಗಳಿಗೆ 40 ಮೈಕ್ರೋಗ್ರಾಂ ಕೊಡುವ ಪದ್ಧತಿ ಬಂದದ್ದೂ ಇದಕ್ಕಾಗಿಯೇ. ಎಂಆರ್‌ಎನ್‌ಎ ಕೋವಿಡ್ ಲಸಿಕೆಯ ಎರಡು ಡೋಸ್‌ಗಳಿಂದ ಬಹುಪಾಲು ರೋಗಿಗಳಲ್ಲಿ ಪ್ರತಿಕಾಯಗಳು ಮೂಡಿದವು, ಆದರೆ ಆರೋಗ್ಯವಂತರಿಗಿಂತ ಕಡಿಮೆ. ಕೆಲವೇ ತಿಂಗಳಲ್ಲಿ ಅವೂ ಇಳಿದವು. ಮೂರನೆಯ, ಅಂದರೆ ಬೂಸ್ಟರ್ ಡೋಸ್ ಆ ಮಟ್ಟವನ್ನು ಮತ್ತೆ ಗಣನೀಯವಾಗಿ ಏರಿಸಿತು. ಆದ್ದರಿಂದ ಇವರ ಮಟ್ಟಿಗೆ ಬೂಸ್ಟರನ್ನು ಮೂಲ ಲಸಿಕಾಕ್ರಮದ ಭಾಗವೆಂದೇ ಎಣಿಸುವುದು ಸರಿ.

ಪ್ರತಿಕಾಯ ಹೆಚ್ಚಿದ ಮಾತ್ರಕ್ಕೆ ರಕ್ಷಣೆ ಸಿಕ್ಕಂತಲ್ಲ, ಕೊರೊನಾ ವೈರಸ್‌ನ ಒಮೈಕ್ರಾನ್ ತಳಿ ಬೂಸ್ಟರ್ ಪಡೆದವರನ್ನೂ ಬಿಡಲಿಲ್ಲ ಎಂಬ ಆಕ್ಷೇಪವಿದೆ. ಸೋಂಕಿನ ಮಟ್ಟಿಗೆ ಅದು ನಿಜ. ಆದರೆ ಲಸಿಕೆಯ ಮುಖ್ಯ ಗುರಿ ತೀವ್ರ ಕಾಯಿಲೆ ಮತ್ತು ಸಾವನ್ನು ತಡೆಯುವುದು. ಅದರಲ್ಲಿ ಟಿ ಜೀವಕೋಶಗಳ ನೆನಪಿನ ಪಾತ್ರವೂ ದೊಡ್ಡದು. ಸೋಂಕು ತಪ್ಪಿಸಲು ಮನೆಯಲ್ಲೇ ಇರಿ ಎಂಬ ಆಗಿನ ಸಲಹೆಯಂತೂ ಡಯಾಲಿಸಿಸ್ ರೋಗಿಗಳಿಗೆ ನಿಲುಕದ್ದು: ವಾರಕ್ಕೆ ಸಾಮಾನ್ಯವಾಗಿ ಮೂರು ಬಾರಿ, ಪ್ರತಿ ಸಲ ಸುಮಾರು ನಾಲ್ಕು ಗಂಟೆ, ಸಾಲು ಹಾಸಿಗೆಗಳ ನಡುವೆ ಯಂತ್ರಕ್ಕೆ ಜೋಡಿಸಿಕೊಂಡು ಮಲಗಲೇಬೇಕು. ಭಾರತದಲ್ಲಿ 2022ರ ಜನವರಿ 10ರಂದು ಮುನ್ನೆಚ್ಚರಿಕೆ ಡೋಸ್ ಎಂಬ ಹೆಸರಿನಲ್ಲಿ ಬೂಸ್ಟರ್ ಆರಂಭವಾದಾಗ ಅನ್ಯ ಕಾಯಿಲೆಯುಳ್ಳವರಲ್ಲಿ 60 ವರ್ಷ ದಾಟಿದವರಿಗಷ್ಟೇ ಅವಕಾಶವಿತ್ತು. ಕಿರಿಯ ಡಯಾಲಿಸಿಸ್ ರೋಗಿಗಳನ್ನು ಆಗಲೇ ಸೇರಿಸಬೇಕಿತ್ತು.