ಬರೀದ್: ಒಂದು ಹೆಸರಿನ ಪಯಣ



ಬೀದರ ನಗರದಲ್ಲಿ ಚಿತ್ರೀಕರಣಕ್ಕೆಂದು ಹೋದಾಗ ನಮ್ಮ ಕೈಯಲ್ಲಿದ್ದ ವಿವರಣೆಯಲ್ಲಿ ಒಂದು ತಪ್ಪಿತ್ತು. 'ಬರೀದ್ ಶಾಹಿ' ಎಂದಿರಬೇಕಾದ ಕಡೆಯಲ್ಲೆಲ್ಲ 'ಬೀದರ್ ಶಾಹಿ' ಎಂದು ಬರೆದಿತ್ತು. ಊರು ಬೀದರ್, ಆದ್ದರಿಂದ ಆಳಿದವರೂ ಬೀದರ್ ಶಾಹಿಗಳು ಎಂದು ಬರೆದವರು ಊಹಿಸಿಕೊಂಡಿದ್ದರು. ಬರೆದವನು ನಾನೇ. ಇದೇ ತಪ್ಪನ್ನು ವಿದ್ಯಾರ್ಥಿಗಳ ಬಾಯಲ್ಲೂ ಕೇಳಿದ್ದೇನೆ. ಆದ್ದರಿಂದ ಈ ಹೆಸರಿನ ಕತೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಒಳ್ಳೆಯದು.

ತಪ್ಪಿಗೆ ಕಾರಣವಿಲ್ಲದಿಲ್ಲ. ಪಾರಸಿ ಲಿಪಿಯಲ್ಲಿ ಬರೆದು ನೋಡಿದರೆ ಎರಡೂ ಹೆಸರುಗಳಲ್ಲಿ ಇರುವುದು ಅವೇ ನಾಲ್ಕು ಅಕ್ಷರಗಳು: ಬೇ, ಯೇ, ದಾಲ್, ರೇ. ಕ್ರಮ ಮಾತ್ರ ಬೇರೆ. ವಿಜ್ಞಾನ ಓದಿದ ನನಗೆ ಇದನ್ನು ಕಂಡಾಗ ರಸಾಯನಶಾಸ್ತ್ರದ ಐಸೋಮರ್‌ಗಳು ನೆನಪಾದವು. ಅವೇ ಪರಮಾಣುಗಳು ಒಂದು ರೀತಿ ಜೋಡಣೆಯಾದರೆ ಈಥೈಲ್ ಆಲ್ಕೊಹಾಲ್, ಇನ್ನೊಂದು ರೀತಿ ಜೋಡಣೆಯಾದರೆ ಡೈಮೀಥೈಲ್ ಈಥರ್! ಊರಿನ ಹೆಸರಿಗೂ ಅರಸರ ಹೆಸರಿಗೂ ಅಷ್ಟೇ ಸಂಬಂಧ. ಬಹಮನಿ ಸುಲ್ತಾನ ಅಹಮದ್ ಷಾ (1422–1436) ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದಾಗಲೇ ಇದು ಬೀದರ್ ಆಗಿತ್ತು. ಬರೀದ್ ಮನೆತನದವರು ಬಂದದ್ದು ಅನಂತರ.

ಹಾಗಾದರೆ ಬರೀದ್ ಎಂದರೇನು? ಅರಬ್ಬೀ ಭಾಷೆಯಲ್ಲಿ ಅದರ ಅರ್ಥ ಅಂಚೆ. ಅಂಚೆಯನ್ನು ಒಯ್ಯುವ ದೂತ ಎಂದೂ ಆಗುತ್ತದೆ. ಬೀದರ್ ಕಡೆಯ ಜನ ಡಾಕ್, ಟಪಾಲು ಎನ್ನುತ್ತಾರಲ್ಲ, ಅದೇ. ಅರಬ್ ದೇಶಗಳ ಅಂಚೆ ಚೀಟಿಗಳಲ್ಲಿ ಈ ಪದವನ್ನು ನೋಡಬಹುದು. ಇದರ ಮೂಲ ಲ್ಯಾಟಿನ್ ಭಾಷೆಯ 'ವೆರೆಡುಸ್' ಎಂಬುದು ಅನೇಕ ವಿದ್ವಾಂಸರ ಮತ. ರೋಮ್ ಸಾಮ್ರಾಜ್ಯದಲ್ಲಿ ಸರ್ಕಾರಿ ಓಲೆ ಒಯ್ಯುವ ವೇಗದ ಕುದುರೆಗೆ ಆ ಹೆಸರಿತ್ತು. ಅದಕ್ಕೆ ಜೊತೆಯಾಗಿ ಇಡುವ ಹೆಚ್ಚುವರಿ ಕುದುರೆ 'ಪಾರಾವೆರೆಡುಸ್'. ಈ ಎರಡನೆಯ ಪದವೇ ಸವೆದು ಸವೆದು ಡಚ್ ಭಾಷೆಯಲ್ಲಿ 'ಪಾರ್ಡ್', ಜರ್ಮನ್ ಭಾಷೆಯಲ್ಲಿ 'ಪ್ಫೆರ್ಡ್' ಆಯಿತು. ಎರಡಕ್ಕೂ ಅರ್ಥ ಕುದುರೆ ಎಂದೇ. ಹಾಲೆಂಡಿನ ರೈತನ ಕುದುರೆಯೂ ಬೀದರಿನ ಸುಲ್ತಾನನ ಹೆಸರೂ ಒಂದೇ ಲಾಯದಿಂದ ಹೊರಟವು ಎಂದರೆ ಯಾರಿಗೆ ಆಶ್ಚರ್ಯವಾಗುವುದಿಲ್ಲ?

ಅರಬ್ ಖಲೀಫರ ಆಡಳಿತದಲ್ಲಿ ಬರೀದ್ ಬರಿಯ ಟಪಾಲು ವ್ಯವಸ್ಥೆಯಾಗಿರಲಿಲ್ಲ. ದೂರದ ಪ್ರಾಂತಗಳಲ್ಲಿ ಏನು ನಡೆಯುತ್ತಿದೆ ಎಂಬ ಗುಪ್ತ ವರದಿಯೂ ಅದರ ಮೂಲಕವೇ ಬರುತ್ತಿತ್ತು. ದೆಹಲಿ ಸುಲ್ತಾನರಲ್ಲೂ ಹೀಗೆಯೇ. ಅಲ್ಲಿ ಸುದ್ದಿ ಇಲಾಖೆಯ ಮುಖ್ಯಸ್ಥನ ಪದವಿ 'ಬರೀದ್-ಎ-ಮಮಾಲಿಕ್'. 1333ರಲ್ಲಿ ಭಾರತಕ್ಕೆ ಬಂದ ಇಬನ್ ಬತೂತ ಇಲ್ಲಿನ ಬರೀದನ್ನು ವರ್ಣಿಸಿದ್ದಾನೆ. ಕುದುರೆಯ ಅಂಚೆ ಒಂದು, ಕಾಲಾಳಿನ ಅಂಚೆ ಇನ್ನೊಂದು. ಕಾಲಾಳಿನ ಅಂಚೆಗೆ ಮೈಲಿಗೆ ಮೂರು ಠಾಣೆ. ಓಟಗಾರನ ಒಂದು ಕೈಯಲ್ಲಿ ಓಲೆ, ಇನ್ನೊಂದರಲ್ಲಿ ಗೆಜ್ಜೆ ಕಟ್ಟಿದ ಕೋಲು. ಗೆಜ್ಜೆಯ ಸದ್ದು ಕೇಳುತ್ತಲೇ ಮುಂದಿನ ಠಾಣೆಯವನು ಎದ್ದು ಸಿದ್ಧನಾಗುತ್ತಿದ್ದ. ಸಿಂಧ್‌ನಿಂದ ದೆಹಲಿಗೆ ಐವತ್ತು ದಿನಗಳ ದಾರಿ. ಬರೀದ್ ಮೂಲಕ ಸುದ್ದಿ ಐದೇ ದಿನಗಳಲ್ಲಿ ತಲುಪುತ್ತಿತ್ತಂತೆ.

ಇಂಥ ಹೆಸರನ್ನು ಹೊತ್ತು ಬಹಮನಿ ಆಸ್ಥಾನಕ್ಕೆ ಬಂದವನು ಕಾಸಿಂ ಬರೀದ್, ತುರ್ಕಿ ಮೂಲದ ಒಬ್ಬ ಗುಲಾಮ. ಸುಂದರ ಅಕ್ಷರ ಬರೆಯುವುದರಲ್ಲಿ ನಿಪುಣ. 1481ರಲ್ಲಿ ಪ್ರಧಾನಿ ಮಹಮೂದ್ ಗವಾನನ ಕೊಲೆಯಾದ ಮೇಲೆ ರಾಜ್ಯ ಹಿಡಿತ ತಪ್ಪಿತು. ಆ ಗೊಂದಲದಲ್ಲಿ ಕಾಸಿಂ ಮೇಲೇರುತ್ತ ಹೋಗಿ, ಸುಲ್ತಾನನ ಹೆಸರಿನಲ್ಲಿ ತಾನೇ ಆಳತೊಡಗಿದ. 1504ರಲ್ಲಿ ಅವನು ತೀರಿಕೊಂಡಾಗ ಅಧಿಕಾರದೊಡನೆ ಹೆಸರೂ ಮಗ ಅಮೀರ್ ಬರೀದನಿಗೆ ಹೋಯಿತು. ಈತನನ್ನು ಜನ 'ದಕ್ಖನ್ನಿನ ನರಿ' ಎಂದು ಕರೆದರು. ಶಾಹ್ ಎಂಬ ಬಿರುದನ್ನು ಬಹಿರಂಗವಾಗಿ ಧರಿಸಿದವನು ಮೊಮ್ಮಗ ಅಲಿ ಬರೀದ್. 1565ರ ರಕ್ಕಸತಂಗಡಿ ಯುದ್ಧದಲ್ಲಿ ವಿಜಯನಗರದ ವಿರುದ್ಧ ನಿಂತವರಲ್ಲಿ ಈತನೂ ಒಬ್ಬ. ಆದರೆ ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿದ ಕೆಲಸವನ್ನು ನೋಡಿದವರು ಆ ಯುದ್ಧಕ್ಕಿಂತ ಇದನ್ನೇ ಹೆಚ್ಚು ನೆನೆಯುತ್ತಾರೆ. ನಾಲ್ಕು ಕಡೆಗೂ ತೆರೆದಿರುವ ತನ್ನ ಗೋರಿಯನ್ನು ಅವನು ಬದುಕಿರುವಾಗಲೇ ಕಟ್ಟಿಸಿದ. 1619ರಲ್ಲಿ ಬಿಜಾಪುರದವರು ಬೀದರನ್ನು ತಮ್ಮ ರಾಜ್ಯಕ್ಕೆ ಸೇರಿಸಿಕೊಳ್ಳುವುದರೊಂದಿಗೆ ಮನೆತನದ ಆಳ್ವಿಕೆ ಮುಗಿಯಿತು.

ಚಿತ್ರೀಕರಣ ಮುಗಿಸಿ ಭಾಲ್ಕಿ, ಔರಾದಗಳಿಗೆ ಹೋದಾಗ ಶಾಲೆಗಳಲ್ಲಿ ಹುಡುಗರ ಹೆಸರು ಕೇಳುತ್ತ ಹೋದೆ. ಭಾಲ್ಕಿಯಲ್ಲಿ ಚನ್ನಬಸವ ಎಂಬ ಹೆಸರಿನವರು ಸಿಕ್ಕರು. ಅದು ಕಲ್ಯಾಣದ ಚನ್ನಬಸವಣ್ಣನ ಹೆಸರು. ನಿಜಾಮರ ಕಾಲದಲ್ಲಿ ಮಕ್ಕಳಿಗೆ ಕನ್ನಡ ಕಲಿಸಿದ ಹಿರೇಮಠದ ಪಟ್ಟದ್ದೇವರ ಹೆಸರೂ ಹೌದು. ಔರಾದದಲ್ಲಿ ಅಮರೇಶ್ವರ ದೇವರ ಹೆಸರಿನ ಹುಡುಗರಿದ್ದರು. ಎರಡೂ ಕಡೆ ಕಾಸಿಂ, ಅಮೀರ್, ಅಲಿ ಇದ್ದರು. ಬರೀದ್ ಒಬ್ಬನೂ ಸಿಗಲಿಲ್ಲ. ಮೂವರು ಅರಸರ ಹೆಸರಿನ ಮೊದಲರ್ಧ ಇಂದಿಗೂ ಓಡಾಡುತ್ತಿದೆ, ಉಳಿದರ್ಧ ಗೋರಿಗಳ ಬಳಿಯೇ ನಿಂತುಬಿಟ್ಟಿದೆ. ನನಗೆ ತೋಚುವ ಕಾರಣ ಇದು: ಕಾಸಿಂ, ಅಲಿ ಎನ್ನುವಾಗ ತಾಯಿತಂದೆಯರಿಗೆ ಬೀದರಿನ ಅರಸರ ನೆನಪಾಗುವುದಿಲ್ಲ, ತಮ್ಮ ಧರ್ಮದ ಹಿರಿಯರ ನೆನಪಾಗುತ್ತದೆ. ಬರೀದ್ ಎಂಬುದು ಒಂದು ಉದ್ಯೋಗದ ಹೆಸರು. ಅದನ್ನು ಮಗುವಿಗೆ ಇಡಲು ಅಂಥ ನೆನಪು ಯಾವುದೂ ಇಲ್ಲ. ಔರಾದದ ಒಬ್ಬ ಹುಡುಗನಿಗೆ ಅರ್ಥ ಹೇಳಿದಾಗ ಅವನು ಕೇಳಿದ್ದು ಒಂದೇ ಮಾತು: "ಹಂಗಾದ್ರ ಸರ್, ನಮ್ಮೂರ ಪೋಸ್ಟಮನ್ನೂ ಬರೀದ್ ಏನ್ರಿ?" ಹೌದೆಂದೆ.